ಪೀಣ್ಯದ ಚುಕ್ಕಿ, ಮಳಖೇಡದ ಸೊನ್ನೆ

ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರದ ಮುಂದೆ ಹೊಸದಾಗಿ ನಿಲ್ಲುವ ಹುಡುಗರಿಗೆ ಸೆಟ್ಟರ್ ಮೊದಮೊದಲೇ ಹೇಳಿಕೊಡುವ ಪಾಠಗಳಲ್ಲೊಂದು, ಚುಕ್ಕಿ ಇಡುವುದು. ಪ್ರೋಗ್ರಾಮಿನಲ್ಲಿ ‘ಝಡ್ 50’ ಎಂದು ಬರೆದು ಸುಮ್ಮನಾದರೆ ಫ್ಯಾನುಕ್ ಕಂಟ್ರೋಲಿನ ಎಷ್ಟೋ ಯಂತ್ರಗಳು ಅದನ್ನು ಐವತ್ತು ಮೈಕ್ರಾನ್ ಎಂದು ಓದಿಕೊಳ್ಳುತ್ತವೆ. ಅಂದರೆ 0.05 ಮಿಲಿಮೀಟರ್, ಒಂದು ತಲೆಗೂದಲಿನ ದಪ್ಪದ ಆಸುಪಾಸು. ಟೂಲು ಎರಡಂಗುಲ ಮೇಲೆದ್ದು ಆಮೇಲೆ ಪಕ್ಕಕ್ಕೆ ಸರಿಯಬೇಕಾಗಿತ್ತು. ಅದು ಕೂದಲೆಳೆಯಷ್ಟು ಎದ್ದು, ಮುಂದಿನ ಸಾಲಿನ ಜಿ00 ಆಜ್ಞೆ ಸಿಕ್ಕಿದ್ದೇ ಶರವೇಗದಲ್ಲಿ ಪಕ್ಕಕ್ಕೆ ಹೊರಟು ಕ್ಲಾಂಪಿಗೆ ಡಿಕ್ಕಿ ಹೊಡೆಯುತ್ತದೆ. ಟೂಲು ಮುರಿದರೆ ಅದು ಸಣ್ಣ ಖರ್ಚು. ಸ್ಪಿಂಡಲ್ಲಿಗೆ ಪೆಟ್ಟು ಬಿದ್ದರೆ ಆ ದಿನ ಮಾಲೀಕರ ಮುಖ ನೋಡುವ ಹಾಗಿರುವುದಿಲ್ಲ. ‘ಝಡ್ 50.’ ಎಂದು ಕೊನೆಗೊಂದು ಚುಕ್ಕಿ ಇಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಶಾಲೆಯಲ್ಲಿ 50ರ ಮುಂದೆ ಬರಿ ಚುಕ್ಕಿ ಇಟ್ಟರೆ ಮೇಷ್ಟ್ರು “ವಾಕ್ಯ ಮುಗೀತೇನಪ್ಪಾ?” ಎಂದು ಕೇಳುತ್ತಾರೆ. ಇಲ್ಲಿ ಆ ಚುಕ್ಕಿಯ ಮೇಲೆ ಲಕ್ಷಾಂತರ ರೂಪಾಯಿಯ ಯಂತ್ರ ನಿಂತಿದೆ.

ಯಂತ್ರವನ್ನು ಬೈದು ಪ್ರಯೋಜನವಿಲ್ಲ. ಕಾಗದದ ಪಟ್ಟಿಯಲ್ಲಿ ತೂತು ಕೊರೆದು ಪ್ರೋಗ್ರಾಂ ಉಣಿಸುತ್ತಿದ್ದ ಕಾಲದಲ್ಲಿ ಸಂಖ್ಯೆ ಎಂದರೆ ಯಂತ್ರ ಇಡಬಲ್ಲ ಅತಿ ಸಣ್ಣ ಹೆಜ್ಜೆಗಳ ಎಣಿಕೆ, ಅಷ್ಟೇ. ಚುಕ್ಕಿಯ ಉಸಾಬರಿಯೇ ಇರಲಿಲ್ಲ. ಪಟ್ಟಿ ಹೋಯಿತು, ಪದ್ಧತಿ ಉಳಿಯಿತು. ಒಂದು ಸೆಟ್ಟಿಂಗ್ ಬದಲಿಸಿದರೆ 50 ಎಂದರೆ ಐವತ್ತು ಮಿಲಿಮೀಟರೇ ಆಗುತ್ತದೆ. ಒಂದೇ ಶೆಡ್ಡಿನಲ್ಲಿ ಅಕ್ಕಪಕ್ಕ ನಿಂತ ಎರಡು ಯಂತ್ರಗಳು ಒಂದೇ 50ನ್ನು ಎರಡು ಥರ ಓದುವ ಸಾಧ್ಯತೆ ಹೀಗೆ ಹುಟ್ಟುತ್ತದೆ. ಅನುಭವಿ ಆಪರೇಟರುಗಳು ಅದಕ್ಕೇ ಯಾವ ಯಂತ್ರ ಏನು ಓದುತ್ತದೆಂದು ವಿಚಾರಿಸುತ್ತ ಕೂರುವುದಿಲ್ಲ, ಬೇಕಿರಲಿ ಬೇಡದಿರಲಿ ಚುಕ್ಕಿ ಜಡಿದುಬಿಡುತ್ತಾರೆ.

ಪೀಣ್ಯ ಇದ್ದಕ್ಕಿದ್ದಂತೆ ಹುಟ್ಟಿದ ಬಡಾವಣೆಯಲ್ಲ. ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್‌ಎಂಟಿ, ಮರುವರ್ಷ ಬಿಇಎಲ್ ಬಂದವು. ಆ ದೊಡ್ಡ ಕಾರ್ಖಾನೆಗಳಿಗೆ ಬೇಕಾದ ಬಿಡಿಭಾಗಗಳನ್ನು ಮಾಡಿಕೊಡುವ ಸಣ್ಣ ಘಟಕಗಳು 1970ರ ದಶಕದಿಂದ ತುಮಕೂರು ರಸ್ತೆಯ ಬದಿಯಲ್ಲಿ ಬೆಳೆದವು. ಅಳತೆಯ ಶಿಸ್ತನ್ನು ಈ ಸೀಮೆಗೆ ಕಲಿಸಿದ್ದು ಅವೇ. ಮೈಕ್ರೊಮೀಟರನ್ನು ಓದುವ ಬಗೆ ನೋಡಿ. ತಿರುಗುವ ಕೊಳವೆಯನ್ನು ಒಂದು ಸುತ್ತು ತಿರುಗಿಸಿದರೆ ಅರ್ಧ ಮಿಲಿಮೀಟರ್ ಸರಿಯುತ್ತದೆ. ಆ ಸುತ್ತನ್ನು ಐವತ್ತು ಗೀಟಾಗಿ ಹಂಚಿರುವುದರಿಂದ ಒಂದು ಗೀಟಿಗೆ 0.01. ಒಳಗಿನ ದಂಡದ ಮೇಲೆ 7.5 ಕಾಣುತ್ತಿದೆ, ತಿರುಗುವ ಕೊಳವೆಯಲ್ಲಿ 28ನೆಯ ಗೀಟು ಗೆರೆಗೆ ಕೂತಿದೆ, ಅಲ್ಲಿಗೆ ಅಳತೆ 7.78. ಡ್ರಾಯಿಂಗಿನಲ್ಲಿ 7.80 ಇದ್ದು ಎರಡು ಕಡೆಗೂ ಎರಡೆರಡು ಗೀಟಿನ ಸಲಿಗೆ ಕೊಟ್ಟಿದ್ದರೆ ಜಾಬು ಪಾಸು. ಇನ್ನೊಂದೇ ಗೀಟು ಕೆಳಗಿಳಿದಿದ್ದರೆ ಗುಜರಿ.

ಈ 7.78ನ್ನು ಶೆಡ್ಡಿನಲ್ಲಿ ಯಾರು ಹೇಗೆ ಓದುತ್ತಾರೆ? ಗದಗದ ಕಡೆಯ ಹುಡುಗ ಮನಸ್ಸಿನಲ್ಲಿ ‘ಏಳು ಪಾಯಿಂಟ್ ಎಪ್ಪತ್ತೆಂಟು’ ಎಂದುಕೊಂಡು ಬಾಯಲ್ಲಿ ‘ಸೆವೆನ್ ಪಾಯಿಂಟ್ ಸೆವೆನ್ ಏಯ್ಟ್’ ಎನ್ನುತ್ತಾನೆ. ಬಿಹಾರದವನ 78 ‘ಅಠ್ಹತ್ತರ್’. ಅಲ್ಲಿ ಎಂಟು ಮೊದಲು, ಎಪ್ಪತ್ತು ಆಮೇಲೆ. ಒಂದು ಹೆಜ್ಜೆ ಮುಂದೆ 79ಕ್ಕೆ ಹೋದರೆ ಅವನ ಭಾಷೆ ಎಂಬತ್ತಕ್ಕೆ ಒಂದು ಕಮ್ಮಿ ಎಂಬ ಲೆಕ್ಕದಲ್ಲಿ ‘ಉನ್ಯಾಸಿ’ ಎನ್ನುತ್ತದೆ. ಡ್ರಾಯಿಂಗ್ ಕಳಿಸಿದ ಜರ್ಮನ್ ಎಂಜಿನಿಯರನೂ ಎಂಟು ಮತ್ತು ಎಪ್ಪತ್ತು ಎಂದು ಬಲದಿಂದ ಎಡಕ್ಕೇ ಹೇಳುತ್ತಾನೆ. ಎಪ್ಪತ್ತು, ಎಂಟು ಎಂದು ಬರೆದ ಕ್ರಮದಲ್ಲೇ ಓದುವ ಕನ್ನಡ ಈ ವಿಷಯದಲ್ಲಿ ಬಹಳ ಸಭ್ಯ ಭಾಷೆ, ಆದರೆ ಅದನ್ನು ಯಾರೂ ಹೊಗಳುವುದಿಲ್ಲ. ಒಂದೇ ಗುರುತನ್ನು ಮೂರು ಜನ ತಮ್ಮ ತಮ್ಮ ಕ್ರಮದಲ್ಲಿ ಓದಿಯೂ ಮೂವರ ಕೈಯಲ್ಲೂ ಒಂದೇ ಅಳತೆಯ ದಂಡ ತಯಾರಾಗುತ್ತದೆ. ಅಕ್ಷರಕ್ಕೆ ದನಿಯಿದೆ, ಹಾಗಾಗಿ ಅದು ಒಂದೊಂದು ಭಾಷೆಗೆ ಕಟ್ಟುಬಿದ್ದಿದೆ. ಅಂಕಿಗೆ ದನಿಯಿಲ್ಲ. ಹತ್ತಾರು ನುಡಿಯವರು ದುಡಿಯುವ ಬೆಂಗಳೂರಿನ ಹೊರವಲಯದಲ್ಲಿ ಎಲ್ಲರೂ ಓದಬಲ್ಲ ಬರಹ ಯಾವುದು ಎಂದರೆ ಈ ಹತ್ತು ಗುರುತುಗಳೇ.

ಇವಕ್ಕೆ ಅರೇಬಿಕ್ ಅಂಕಿ ಎಂಬ ಹೆಸರು ಕೊಟ್ಟವರು ಯುರೋಪಿನವರು. ಸರಕು ತಂದವನ ಹೆಸರನ್ನೇ ಸರಕಿಗೂ ಅಂಟಿಸಿದರು. ಅರಬ್ ಗಣಿತಜ್ಞರಿಗೆ ಈ ಗೊಂದಲವಿರಲಿಲ್ಲ. ಬಾಗ್ದಾದಿನ ಅಲ್ ಖ್ವಾರಿಜ್ಮಿ ಸುಮಾರು 825ರಲ್ಲಿ ಬರೆದ ಪುಸ್ತಕ ಹಿಂದೂಗಳ ಲೆಕ್ಕದ ರೀತಿಯನ್ನು ಕುರಿತದ್ದು ಎಂದೇ ಹೆಸರಾಯಿತು. ಅದಕ್ಕೂ ಮೊದಲೇ, 662ರಲ್ಲಿ, ಯೂಫ್ರೆಟಿಸ್ ನದಿಯ ದಂಡೆಯ ಸಿರಿಯಾದ ಪಾದ್ರಿ ಸೆವೆರಸ್ ಸೆಬೋಖ್ತ್, ಭಾರತೀಯರು ಒಂಬತ್ತು ಗುರುತುಗಳಲ್ಲಿ ಮಾಡುವ ಲೆಕ್ಕ ಮಾತಿಗೆ ಮೀರಿದ್ದು ಎಂದು ಮೆಚ್ಚಿ ಬರೆದಿದ್ದ. ಗ್ರೀಕರೇ ಎಲ್ಲ ಬಲ್ಲವರು ಎಂದು ಬೀಗುತ್ತಿದ್ದವರ ಮೇಲಿನ ಸಿಟ್ಟಿಗೆ ಬರೆದದ್ದು ಅದು. ಸಿಟ್ಟಿನಲ್ಲಿ ಬರೆದದ್ದರಿಂದ ಚರಿತ್ರೆಗೆ ಇಷ್ಟು ಉಪಕಾರವಾದದ್ದು ಅಪರೂಪ.

ಕರ್ನಾಟಕ ಈ ಕತೆಯ ಹೊರಗೆ ನಿಂತು ನೋಡುತ್ತಿರಲಿಲ್ಲ. ಐಹೊಳೆಯ ಮೇಗುತಿ ಗುಡಿಯ ಗೋಡೆಯ ಮೇಲೆ 634ರಲ್ಲಿ ರವಿಕೀರ್ತಿ ಕೊರೆಸಿದ ಶಾಸನದಲ್ಲಿ ಶಕವರ್ಷ 556 ಎಂಬುದು ಅಂಕಿಯಲ್ಲಿಲ್ಲ, ಪದ್ಯದ ಮಾತುಗಳಲ್ಲಿದೆ. ಆಗಿನ ಶಾಸನ ಕವಿಗಳಿಗೆ ಸಂಖ್ಯೆಯೂ ಛಂದಸ್ಸಿಗೆ ಒಗ್ಗಬೇಕಾದ ಪದವೇ. ಅದಾದ ಸುಮಾರು ಇನ್ನೂರು ವರ್ಷಕ್ಕೆ, ಈಗಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ ಆಳುತ್ತಿದ್ದ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಕನ್ನಡಿಗರು ‘ಕವಿರಾಜಮಾರ್ಗ’ಕ್ಕಾಗಿ ನೆನೆಯುವ ಅರಮನೆಯೇ ಅದು, ಕಾಲವೂ ಹೆಚ್ಚುಕಡಿಮೆ ಅದೇ, ಸುಮಾರು 850. ಮಹಾವೀರ ಒಂದರಿಂದ ಶುರುಮಾಡಿ ಇಪ್ಪತ್ನಾಲ್ಕು ಸ್ಥಾನಗಳಿಗೆ ಹೆಸರು ಕೊಡುತ್ತಾನೆ. ಒಂದರಿಂದ ಆರರವರೆಗೆ ಏರಿ ಮತ್ತೆ ಒಂದಕ್ಕೆ ಇಳಿಯುವ 12345654321 ಎಂಬ ಸಂಖ್ಯೆಯನ್ನು ಆಟದಂತೆ ಮುಂದಿಡುತ್ತಾನೆ. ಆರು ಒಂದುಗಳ ಸಾಲನ್ನು ಅದರಿಂದಲೇ ಗುಣಿಸಿದರೆ ಇದು ಸಿಗುತ್ತದೆ, ಬೇಕಾದವರು ಮೊಬೈಲಿನಲ್ಲಿ ಒತ್ತಿ ನೋಡಬಹುದು. ಯಾವ ಸಂಖ್ಯೆಯನ್ನಾದರೂ ಸೊನ್ನೆಯಿಂದ ಗುಣಿಸಿದರೆ ಸೊನ್ನೆ ಎಂದು ಸರಿಯಾಗಿ ಹೇಳಿದವನು, ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಇದ್ದಂತೆಯೇ ಇರುತ್ತದೆ ಎಂದು ಎಡವಿದ. ವೈಟ್‌ಫೀಲ್ಡಿನ ಯಾವ ಟೆಕ್ ಪಾರ್ಕಿನಲ್ಲಾದರೂ ಇವತ್ತು ಒಂದು ಎಕ್ಸೆಲ್ ಹಾಳೆಯಲ್ಲಿ ಆ ಭಾಗಾಕಾರ ಮಾಡಿಸಿದರೆ ಹಾಳೆ ಉತ್ತರ ಕೊಡುವ ಬದಲು ತಕರಾರು ತೆಗೆಯುತ್ತದೆ. ಮಹಾವೀರನಿಗಿಂತ ಎರಡು ಶತಮಾನ ಮೊದಲು, 628ರಲ್ಲಿ, ಸೊನ್ನೆಯನ್ನು ಕೂಡಿ ಕಳೆಯುವ ನಿಯಮ ಬರೆದ ಬ್ರಹ್ಮಗುಪ್ತನೂ ಇದೇ ಕಲ್ಲಿಗೆ ಎಡವಿದ್ದ. ಆ ಬಾಗಿಲು ಬಹಳ ಕಾಲ ಯಾರಿಗೂ ತೆರೆಯಲಿಲ್ಲ.

ಅದೇ ಹೊತ್ತಿಗೆ ಅರಬ್ಬರಿಗೆ ಮಳಖೇಡದ ಪರಿಚಯ ಚೆನ್ನಾಗಿಯೇ ಇತ್ತು. 851ರ ಸುಲೇಮಾನ್ ವರ್ತಕನ ಹೆಸರಿನ ಬರಹದಲ್ಲಿ ಜಗತ್ತಿನ ನಾಲ್ವರು ಮಹಾರಾಜರಲ್ಲಿ ‘ಬಲ್ಹಾರ’ನೂ ಒಬ್ಬ. ರಾಷ್ಟ್ರಕೂಟರ ವಲ್ಲಭರಾಜ ಬಿರುದು ಅರಬ್ಬರ ಬಾಯಲ್ಲಿ ಸವೆದದ್ದು ಹೀಗೆ. ಮಳಖೇಡ ಅವರಿಗೆ ‘ಮಾನ್ಕೀರ್’. ಅಂಕಿಗಳು ಈ ದಾರಿಯಲ್ಲೇ ಪಶ್ಚಿಮಕ್ಕೆ ಹೋದವು ಎಂದು ಹೇಳಲು ಆಧಾರವಿಲ್ಲ, ಹೆಮ್ಮೆಗೆಂದು ಹೇಳಬಾರದು ಕೂಡ. ಅವು ಹಲವು ದಾರಿ ಹಿಡಿದಿರಬೇಕು. ಗ್ವಾಲಿಯರಿನ ಚತುರ್ಭುಜ ಗುಡಿಯಲ್ಲಿ 876ರ ಹೊತ್ತಿಗೆ ತೋಟದ ಉದ್ದ 270 ಮೊಳ, ದಿನಕ್ಕೆ 50 ಹೂಮಾಲೆ ಎಂದು ಸೊನ್ನೆಯ ಸಮೇತ ಕೆತ್ತಿದ್ದಾರೆ. ದೇವರ ಹೂವಿನ ಲೆಕ್ಕ ಬರೆಯುವವರ ಕೈಗೂ ಆ ವೇಳೆಗೆ ಸೊನ್ನೆ ಪಳಗಿತ್ತು.

ಬಾಗ್ದಾದಿನಿಂದ ಮುಂದಕ್ಕೆ ಅಂಕಿಗಳು ಎರಡು ಕವಲಾದವು. ಪೂರ್ವದ ಕವಲು ಇವತ್ತಿಗೂ ಕೊಲ್ಲಿ ದೇಶಗಳಲ್ಲಿದೆ. ಕರಾವಳಿಯಿಂದ ಕುವೈತಿಗೋ ರಿಯಾದಿಗೋ ಹೋದವರು ಮೊದಲ ದಿನವೇ ಮುಗ್ಗರಿಸುವುದು ಅಲ್ಲಿ. ಆ ಬರಹದಲ್ಲಿ ದುಂಡಗಿನ ಸುತ್ತು ಎಂದರೆ ಐದು, ಸೊನ್ನೆಗೆ ಬರಿ ಒಂದು ಚುಕ್ಕಿ. ಪಶ್ಚಿಮದ ಕವಲು ಮೊರಾಕೊ, ಸ್ಪೇನುಗಳ ಕಡೆ ಹೋಗಿ, 976ರಲ್ಲಿ ಸ್ಪೇನಿನ ಒಂದು ಕ್ರೈಸ್ತ ಮಠದ ಹಸ್ತಪ್ರತಿಯಲ್ಲಿ ಒಂಬತ್ತು ಗುರುತುಗಳಾಗಿ ಕಾಣಿಸಿಕೊಂಡಿತು. ಪೀಸಾದ ಲಿಯೊನಾರ್ಡೊ, ಅಂದರೆ ಫಿಬೊನಾಚಿ, ಅಲ್ಜೀರಿಯದ ಬಂದರಿನಲ್ಲಿ ಇದನ್ನು ಕಲಿತು 1202ರಲ್ಲಿ ಪುಸ್ತಕ ಬರೆದು ವ್ಯಾಪಾರಿಗಳಿಗೆ ಹಂಚಿದ. ಎಲ್ಲರೂ ಅಪ್ಪಿಕೊಳ್ಳಲಿಲ್ಲ. ಫ್ಲಾರೆನ್ಸಿನ ಹಣ ವಿನಿಮಯದವರ ಸಂಘ 1299ರಲ್ಲಿ ತನ್ನ ಸದಸ್ಯರು ಲೆಕ್ಕದ ಪುಸ್ತಕದಲ್ಲಿ ಈ ಅಂಕಿ ಬಳಸಕೂಡದು ಎಂದಿತು. ಸೊನ್ನೆಗೊಂದು ಬಾಲ ಎಳೆದರೆ 6, ಇಲ್ಲವೇ 9 ಆಗಿಬಿಡುತ್ತದೆ ಎಂಬ ಅಂಜಿಕೆ.

ಆ ಅಂಜಿಕೆ ಪೂರ್ತಿ ಹೋಗಿಲ್ಲ. ಚೆಕ್ಕಿನಲ್ಲಿ ಮೊತ್ತವನ್ನು ಅಂಕಿಯಲ್ಲಿ ಬರೆದ ಮೇಲೂ ಅಕ್ಷರದಲ್ಲಿ ಬರೆದು ‘ಮಾತ್ರ’ ಎಂದು ಮುಗಿಸುವುದು ಇದಕ್ಕೇ. ಎರಡೂ ಹೊಂದದಿದ್ದರೆ ಅಕ್ಷರದ ಮಾತೇ ನಡೆಯಬೇಕು ಎಂದು 1881ರ ಹುಂಡಿ-ಚೆಕ್ಕುಗಳ ಕಾಯ್ದೆ ಹೇಳುತ್ತದೆ. ಯುಪಿಐ ಪೆಟ್ಟಿಗೆ ಚಹಾ ಅಂಗಡಿಯಲ್ಲಿ ಬಂದ ಮೊತ್ತವನ್ನು ಕನ್ನಡದಲ್ಲಿ ಕೂಗಿ ಹೇಳುವುದರ ಹಿಂದಿರುವುದೂ ಅದೇ ಹಳೆಯ ಅನುಮಾನ.

ಹೀಗೆ ಸುತ್ತಿ ಬಂದ ಅಂಕಿಗಳು ಬ್ರಿಟಿಷರ ಕಚೇರಿ, ಅಚ್ಚಿನಮನೆ, ರೈಲುಗಳ ಜೊತೆ ಮೈಸೂರು ಸೀಮೆಗೆ ಹೊಕ್ಕವು. ಅದಕ್ಕೆ ಮುಂಚೆಯೂ ಇಲ್ಲಿ ಅಂಕಿಗಳ ತಮಾಷೆ ಕಡಿಮೆ ಇರಲಿಲ್ಲ. ಟಿಪ್ಪು ಸುಲ್ತಾನ್ ತನ್ನದೇ ಮೌಲೂದಿ ಶಕೆಯನ್ನು ತಂದಾಗ ನಾಣ್ಯಗಳ ಮೇಲೆ ವರ್ಷದ ಅಂಕಿಗಳನ್ನು ಬಲದಿಂದ ಎಡಕ್ಕೆ ಹಾಕಿಸಿದ. 1215 ಎಂಬ ವರ್ಷ ನಮ್ಮ ಕಣ್ಣಿಗೆ 5121 ಎಂದು ಕಾಣುತ್ತದೆ. ಅರಬ್ಬರೂ ಪಾರ್ಸಿಯವರೂ ಅಕ್ಷರವನ್ನು ಬಲದಿಂದ ಬರೆದರೂ ಅಂಕಿಯನ್ನು ಎಡದಿಂದಲೇ ಬರೆಯುತ್ತಾರೆ. ಸುಲ್ತಾನ ಅದನ್ನೂ ಬಿಡಲಿಲ್ಲ.

ಸ್ವತಂತ್ರ ಭಾರತದಲ್ಲಿ ಅಂಕಿಯ ಜಗಳ ಸಂವಿಧಾನ ಸಭೆಯವರೆಗೆ ಹೋಯಿತು. 1949ರ ಸೆಪ್ಟೆಂಬರಿನಲ್ಲಿ ಭಾಷೆಯ ವಿಧಿಗಳು ಚರ್ಚೆಗೆ ಬಂದಾಗ ಹಿಂದಿಯ ಬಗ್ಗೆ ಆದಷ್ಟೇ ಬಿಸಿಯಾದ ಮಾತು ದೇವನಾಗರಿ ಅಂಕಿಗಳ ಬಗ್ಗೆಯೂ ಆಯಿತು. ದಕ್ಷಿಣದವರು ಆಗಲೇ 1, 2, 3ಕ್ಕೆ ಒಗ್ಗಿದ್ದವರು, ಬಿಟ್ಟುಕೊಡಲಿಲ್ಲ. ಕೊನೆಗೆ ಮುನ್ಷಿ ಮತ್ತು ಗೋಪಾಲಸ್ವಾಮಿ ಅಯ್ಯಂಗಾರರ ಸೂತ್ರದಂತೆ 343ನೆಯ ವಿಧಿಯಲ್ಲಿ, ಒಕ್ಕೂಟದ ಆಡಳಿತಕ್ಕೆ ‘ಭಾರತೀಯ ಅಂಕಿಗಳ ಅಂತರರಾಷ್ಟ್ರೀಯ ರೂಪ’ ಎಂದು ಬರೆದು ರಾಜಿಯಾದರು. ಹುಟ್ಟಿದ ಮನೆಯ ಹೆಸರೂ ಇರಲಿ, ಊರೂರು ಸುತ್ತಿದ ಮುಖವೂ ಇರಲಿ ಎಂಬ ಈ ಜಾಣ ನುಡಿಗಟ್ಟು ವಕೀಲರ ಕೈಯಿಂದ ಬಂದದ್ದಾದರೂ ಚರಿತ್ರೆಗೆ ನಿಷ್ಠವಾಗಿದೆ.

ಕನ್ನಡ ಅಂಕಿಗಳಿಗೆ ಆಗ ಅಲ್ಲಿ ಯಾರೂ ಗುದ್ದಾಡಲಿಲ್ಲ. ಅವು ಸದ್ದಿಲ್ಲದೆ ಹಿಂದೆ ಸರಿದವು. ಹಳೆಯ ಪುಸ್ತಕಗಳ ಪುಟಸಂಖ್ಯೆ, ಕೆಲವು ಪಂಚಾಂಗ, ಸರ್ಕಾರಿ ಸಾರಿಗೆ ಬಸ್ಸುಗಳ ಮುಂಭಾಗದ ‘ಕೆಎ ೫೭ ಎಫ್’ ಥರದ ಬರಹ, ಆಟೋದ ಹಿಂಭಾಗ, ಅಭಿಮಾನಿಗಳ ಬೈಕು, ಇಷ್ಟು ಕಡೆ ಕಾಣುತ್ತವೆ. ಬೈಕಿಗೆ ಕಾನೂನಿನ ಕಾಟವಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 50ನೆಯ ನಿಯಮ ಅಕ್ಷರ ಇಂಗ್ಲಿಷಿನಲ್ಲಿ, ಅಂಕಿ ಅರೇಬಿಕ್‌ನಲ್ಲಿ ಇರಬೇಕೆನ್ನುತ್ತದೆ. ಸಂವಿಧಾನ ‘ಭಾರತೀಯ’ ಎಂದದ್ದನ್ನು ಮೋಟಾರು ನಿಯಮ ‘ಅರೇಬಿಕ್’ ಎಂದು ಕರೆಯುತ್ತದೆ, ಎರಡೂ ದೆಹಲಿಯಲ್ಲೇ ಬರೆದವು. 2019ರ ಏಪ್ರಿಲಿನಿಂದ ಹೊಸ ವಾಹನಗಳಿಗೆ ಅತಿ ಸುರಕ್ಷಿತ ಫಲಕ ಬಂದಿತು, 2023ರಲ್ಲಿ ಹಳೆಯವಕ್ಕೂ ಹಾಕಿಸಿ ಎಂದು ರಾಜ್ಯ ಹೇಳಿತು. ಕಾರ್ಖಾನೆಯಲ್ಲೇ ಅಚ್ಚೊತ್ತಿ ಬರುವ ಆ ಫಲಕದ ಮೇಲೆ ಪೇಂಟರನ ಕುಂಚಕ್ಕೆ ಜಾಗವಿಲ್ಲ. ಕೆಆರ್ ಪುರದ 53, ಎಲೆಕ್ಟ್ರಾನಿಕ್ ಸಿಟಿಯ 51, ಯಶವಂತಪುರದ 04 ಎಲ್ಲವೂ ಈಗ ಒಂದೇ ಅಚ್ಚು. ಕನ್ನಡ ಅಂಕಿ ಮಡ್‌ಗಾರ್ಡಿಗೆ ಇಳಿದಿದೆ.

ಕನ್ನಡ ಅಂಕಿ ಉಳಿಯಬೇಕು ಎನ್ನುವವರ ಸಿಟ್ಟು ನಿಜವಾದದ್ದು. ಆದರೆ ಅದನ್ನು ಇಂಗ್ಲಿಷ್ ಅಂಕಿಯ ಮೇಲಿನ ಸಿಟ್ಟು ಎಂದುಕೊಂಡರೆ ಗುರಿ ತಪ್ಪುತ್ತದೆ. ೨ ಮತ್ತು 2, ೩ ಮತ್ತು 3 ಅಕ್ಕಪಕ್ಕ ಇಟ್ಟು ನೋಡಿದರೆ ದಾಯಾದಿಗಳ ಮುಖಚಹರೆ ಎದ್ದು ಕಾಣುತ್ತದೆ. ಬ್ರಾಹ್ಮಿಯಿಂದ ಹೊರಟ ಒಂದು ಮನೆತನ ಕದಂಬ, ಚಾಲುಕ್ಯರ ಲಿಪಿಕಾರರ ಕೈಯಲ್ಲಿ ದುಂಡಗಾಯಿತು, ಇನ್ನೊಂದು ಬಾಗ್ದಾದು, ಸ್ಪೇನು ಸುತ್ತಿ ಅಚ್ಚಿನ ಮೊಳೆಯಾಗಿ ವಾಪಸು ಬಂತು. ಈ ಪ್ರಬಂಧದ ವರ್ಷಗಳೂ ಎರಡನೆಯ ಮನೆತನದ ಅಂಕಿಗಳಲ್ಲೇ ಇವೆ, ಯಾವ ಕನ್ನಡ ಪತ್ರಿಕೆ ತೆರೆದರೂ ಹಾಗೆಯೇ.

ಫೋನಿನ ಕತೆಯೂ ಇದೇ. ಮೊಬೈಲನ್ನು ಪೂರ್ತಿ ಕನ್ನಡಕ್ಕೆ ಬದಲಿಸಿದರೂ ಗಡಿಯಾರ, ತಾರೀಖು 1, 2, 3ರಲ್ಲೇ ಉಳಿಯುತ್ತವೆ. ಮರಾಠಿಗೆ ಬದಲಿಸಿದರೆ ದೇವನಾಗರಿ ಅಂಕಿ, ಬಂಗಾಳಿಗೆ ಬದಲಿಸಿದರೆ ಬಂಗಾಳಿ ಅಂಕಿ ಬರುವುದುಂಟು. ಜಗತ್ತಿನ ಬಹುಪಾಲು ಫೋನು, ಕಂಪ್ಯೂಟರುಗಳು ಭಾಷೆಯ ರೂಢಿಗಳಿಗಾಗಿ ನೆಚ್ಚುವ ಯೂನಿಕೋಡ್ ಒಕ್ಕೂಟದ ಕಡತದಲ್ಲಿ ಕನ್ನಡದ ಮಾಮೂಲು ಅಂಕಿ ಎಂದು ನಮೂದಾಗಿರುವುದೇ ಅಂತರರಾಷ್ಟ್ರೀಯ ರೂಪ. ಇದು ಯಾರದೋ ಪಿತೂರಿಯಲ್ಲ. ಮರಾಠಿ ಪತ್ರಿಕೆಗಳು ತಮ್ಮ ಅಂಕಿಯನ್ನು ಬಿಡಲಿಲ್ಲ, ನಾವು ಬಿಟ್ಟೆವು, ಕಡತ ಅದನ್ನು ಬರೆದುಕೊಂಡಿತು.

ಆದರೆ ಕನ್ನಡ ಅಂಕಿಗಳು ಕಂಪ್ಯೂಟರಿನೊಳಗೆ ಸತ್ತಿಲ್ಲ. ಯೂನಿಕೋಡಿನಲ್ಲಿ ೦ಯಿಂದ ೯ರವರೆಗೆ ಹತ್ತಕ್ಕೂ ಸ್ವಂತ ಮನೆಯಿದೆ, ಪ್ರತಿಯೊಂದರ ಬೆಲೆಯೂ ನಮೂದಾಗಿದೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೋಡ್ ಬರೆಯುವ ಯಾರಾದರೂ ಊಟದ ಬಿಡುವಿನಲ್ಲಿ ಇದನ್ನು ಪರೀಕ್ಷಿಸಬಹುದು. ಪೈಥಾನ್ ಭಾಷೆಗೆ ೧೨೩ ಎಂಬ ಬರಹ ಕೊಟ್ಟು ಪೂರ್ಣಾಂಕ ಮಾಡು ಎಂದರೆ ಗೊಣಗದೆ 123 ಎಂದು ಕೊಡುತ್ತದೆ. ಜಾವಾ ಕೂಡ ಒಪ್ಪುತ್ತದೆ. ಹೆಸರಿನಲ್ಲಿ ಅದರ ತಮ್ಮನಂತಿರುವ ಜಾವಾಸ್ಕ್ರಿಪ್ಟ್ ಮಾತ್ರ ಇದು ಸಂಖ್ಯೆಯೇ ಅಲ್ಲ ಎಂದು ಕೈ ತೊಳೆದುಕೊಳ್ಳುತ್ತದೆ. ವೆಬ್ ಅರ್ಜಿಗಳಲ್ಲಿ ಕನ್ನಡ ಅಂಕಿಯಲ್ಲಿ ಫೋನ್ ನಂಬರು ಹಾಕಿದರೆ ಕೆಂಪು ಗೆರೆ ಬರುವುದಕ್ಕೆ ಒಂದು ಕಾರಣ ಇಲ್ಲಿದೆ. ಅಂಕಿಯೆಂದರೆ 0ಯಿಂದ 9 ಮಾತ್ರ ಎಂದು ಅದರ ಪರೀಕ್ಷೆ ನಂಬಿದೆ. ತಿದ್ದಲು ಎರಡು ಸಾಲು ಕೋಡ್ ಸಾಕು, ಕೇಳುವವರು ಬೇಕು.

ಇದಕ್ಕಿಂತ ಕಿತಾಪತಿಯ ಸಮಸ್ಯೆ ಬೇರೆಯಿದೆ. ಕನ್ನಡದ ಸೊನ್ನೆಯಂಕಿಯೂ ಅನುಸ್ವಾರವೂ ನೋಡಲು ಒಂದೇ ಸುತ್ತು. ಒಂಬತ್ತೂ ಅರ್ಕಾವೊತ್ತೂ ಒಂದೇ ಆಕಾರ. ಹಾಗಾಗಿ ಅವಸರದಲ್ಲಿ ಟೈಪ್ ಮಾಡುವವರು ಅಕ್ಷರದ ಜಾಗದಲ್ಲಿ ಅಂಕಿ ಕೂರಿಸಿಬಿಡುತ್ತಾರೆ. ‘ಬೆಂಗಳೂರು’ ಮತ್ತು ‘ಬೆ೦ಗಳೂರು’ ಎರಡನ್ನೂ ನೋಡಿ. ಕಣ್ಣಿಗೆ ಹೆಚ್ಚು ವ್ಯತ್ಯಾಸವಿಲ್ಲ, ಆದರೆ ಎರಡನೆಯದರ ಹೊಟ್ಟೆಯಲ್ಲಿ ಒಂದು ಸೊನ್ನೆಯಂಕಿ ಕೂತಿದೆ. ‘ಸೂರ್ಯ’ ಬರೆಯಲು ಹೋಗಿ ‘ಸೂಯ೯’ ಮಾಡಿದವರು ಎಷ್ಟೋ ಜನ. ಓದುವವನಿಗೆ ತೊಂದರೆಯಿಲ್ಲ, ಹುಡುಕುವ ಯಂತ್ರಕ್ಕೆ ತೊಂದರೆ. ಅದಕ್ಕೆ ಇವು ಬೇರೆ ಬೇರೆ ಪದಗಳು. ಮತದಾರರ ಪಟ್ಟಿಯಲ್ಲೋ ಜಮೀನಿನ ಕಡತದಲ್ಲೋ ಇಂಥ ಹೆಸರು ಸೇರಿಕೊಂಡರೆ ಆ ಮನುಷ್ಯ ಕಣ್ಣೆದುರೇ ಇದ್ದೂ ಸಿಗುವುದಿಲ್ಲ.

ಅಂಕಿಯ ಆಕಾರ ಒಂದೇ ಆದಮೇಲೂ ಅದರ ಸುತ್ತಲಿನ ಒಪ್ಪಂದಗಳು ಊರೂರಿಗೆ ಬೇರೆ ಎಂಬುದು ಐಟಿ ಕಚೇರಿಗಳಲ್ಲಿ ದಿನಾ ಅನುಭವಕ್ಕೆ ಬರುತ್ತದೆ. 03/04/2024 ಎಂದರೆ ನಮಗೆ ಏಪ್ರಿಲ್ ಮೂರು, ಅಮೆರಿಕದ ಗ್ರಾಹಕನಿಗೆ ಮಾರ್ಚ್ ನಾಲ್ಕು. ವರ್ಷ, ತಿಂಗಳು, ದಿನ ಎಂಬ ಕ್ರಮದ 2024-04-03 ಎಂಬ ಅಂತರರಾಷ್ಟ್ರೀಯ ರೀತಿ ಇದೆ, ಕಡತಗಳಿಗೆ ಹೆಸರಿಡುವಾಗ ಬುದ್ಧಿವಂತರು ಅದನ್ನು ಬಳಸುತ್ತಾರೆ, ಇಮೇಲಿನಲ್ಲಿ ಮಾತ್ರ ಮರೆಯುತ್ತಾರೆ. ಹದಿನೆರಡು ಲಕ್ಷದ ಮೂವತ್ನಾಲ್ಕು ಸಾವಿರದ ಐನೂರ ಅರವತ್ತೇಳನ್ನು ನಾವು 12,34,567 ಎಂದು ಕತ್ತರಿಸಿದರೆ ಅವರು 1,234,567 ಎನ್ನುತ್ತಾರೆ. ಸಂಬಳದ ಮಾತು ಲಕ್ಷದಲ್ಲಿ, ಪ್ರಾಜೆಕ್ಟಿನ ಮಾತು ಮಿಲಿಯನ್ನಿನಲ್ಲಿ. ಒಂದೇ ಮಹಡಿಯಲ್ಲಿ ಕೂತ ಲೆಕ್ಕಪತ್ರದವರು ಬೆಳಗ್ಗೆ ಒಂದು ರೀತಿ, ಸಂಜೆ ಒಂದು ರೀತಿ ಅಲ್ಪವಿರಾಮ ಹಾಕುತ್ತಾರೆ. ಜರ್ಮನಿಯಿಂದ ಪೀಣ್ಯಕ್ಕೆ ಬರುವ ಡ್ರಾಯಿಂಗಿನಲ್ಲಿ ಚುಕ್ಕಿ ಮತ್ತು ಅಲ್ಪವಿರಾಮ ಪರಸ್ಪರ ಕೆಲಸ ಬದಲಿಸಿಕೊಂಡಿರುತ್ತವೆ. ಅಲ್ಲಿ 12,5 ಎಂದರೆ ಹನ್ನೆರಡೂವರೆ, 1.250 ಎಂದರೆ ಸಾವಿರದ ಇನ್ನೂರ ಐವತ್ತು. ಅವರು ಕೈಬರಹದಲ್ಲಿ 7ರ ಸೊಂಟಕ್ಕೊಂದು ಗೀಟು ಎಳೆಯುತ್ತಾರೆ, 1ಕ್ಕೆ ಉದ್ದನೆಯ ಮೂಗು ಬಿಡುತ್ತಾರೆ. ನಮ್ಮ ಹೊಸ ಹುಡುಗ ಆ 1ನ್ನು 7 ಎಂದು ಓದಿದರೆ ತಪ್ಪು ಅವನದೆನ್ನುವುದು ಕಷ್ಟ.

ಬಸ್ಸಿನ ಮಟ್ಟಿಗೆ ಇಂಥ ರಗಳೆ ಇಲ್ಲ. 200ರ ಮೇಲಿನ 252, 258 ತುಮಕೂರು ರಸ್ತೆಯ ಕಡೆ, 335 ಕಾಡುಗೋಡಿಯ ಕಡೆ, 356 ಹೊಸೂರು ರಸ್ತೆಯ ಕಡೆ, 500 ಎಂದರೆ ಹೊರವರ್ತುಲ ರಸ್ತೆ. ‘ತ್ರೀ ತರ್ಟಿ ಫೈವ್ ಇ’ ಬಂತಾ ಎಂದು ಒಡಿಯಾ ಎಂಜಿನಿಯರೂ ಕೇಳುತ್ತಾರೆ, ‘ಮುನ್ನೂರ ಮೂವತ್ತೈದು’ ಹೋಯ್ತಾ ಎಂದು ವರ್ತೂರಿನ ಅಜ್ಜಿಯೂ ಕೇಳುತ್ತಾರೆ, ಇಬ್ಬರೂ ಒಂದೇ ಬಸ್ಸು ಹತ್ತುತ್ತಾರೆ. 1972ರ ಆಗಸ್ಟ್ 15ರಂದು ಪಿನ್ ಕೋಡ್ ಶುರುವಾದದ್ದೂ ಇದೇ ಕಾರಣಕ್ಕೆ, ಒಂದೇ ಹೆಸರಿನ ಊರುಗಳು, ಓದಲಾಗದ ಲಿಪಿಗಳು. ವೈಟ್‌ಫೀಲ್ಡಿನ 560066, ಪೀಣ್ಯದ 560058, ಎಲೆಕ್ಟ್ರಾನಿಕ್ ಸಿಟಿಯ 560100 ಯಾವ ಲಿಪಿಯ ವಿಳಾಸದ ಕೆಳಗೆ ಕೂತರೂ ಪತ್ರ ತಲುಪುತ್ತದೆ.

ಇನ್ನು ಉಳಿದದ್ದು ಜಮೀನು. ಈ ಹೊರವಲಯದಲ್ಲಿ ಎಲ್ಲ ಮಾತೂ ಕೊನೆಗೆ ಅಲ್ಲಿಗೇ ಬರುತ್ತದೆ. ವೈಟ್‌ಫೀಲ್ಡ್ 1882ರಲ್ಲಿ ಆಂಗ್ಲೋ ಇಂಡಿಯನ್ನರ ಬೇಸಾಯದ ನೆಲೆಯಾಗಿ ಶುರುವಾದದ್ದು, ಎಲೆಕ್ಟ್ರಾನಿಕ್ ಸಿಟಿ 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎದ್ದದ್ದು. ಅವುಗಳ ಆಚೆಗಿನ ಸರ್ಜಾಪುರ, ಆನೇಕಲ್ಲು, ಹೊಸಕೋಟೆಗಳಲ್ಲಿ ಈಗಲೂ ಪಹಣಿ ಹಿಡಿದು ವ್ಯವಹಾರ ನಡೆಯುತ್ತದೆ. ಪಹಣಿಯಲ್ಲಿ ವಿಸ್ತೀರ್ಣ 1.20 ಎಂದಿದ್ದರೆ ಅದು ಒಂದು ಪಾಯಿಂಟ್ ಎರಡು ಎಕರೆಯಲ್ಲ. ಒಂದು ಎಕರೆ ಇಪ್ಪತ್ತು ಗುಂಟೆ. ನಲವತ್ತು ಗುಂಟೆಗೆ ಎಕರೆಯಾದ್ದರಿಂದ ಅದು ಸರಿಯಾಗಿ ಒಂದೂವರೆ ಎಕರೆ. ಗುಂಟೆಯ ಆಚೆಗೆ ಹೋದರೆ ಹದಿನಾರು ಆಣೆಗೆ ಒಂದು ಗುಂಟೆ. ಚುಕ್ಕಿ ನೋಡಿ ದಶಮಾಂಶ ಎಂದುಕೊಂಡ ಟೆಕ್ಕಿ 1.2ನ್ನು 43,560ರಿಂದ ಗುಣಿಸಿ 52,272 ಚದರಡಿ ಎನ್ನುತ್ತಾನೆ, ನಿಜವಾಗಿ ಇರುವುದು 65,340. ನಡುವಿನ 13,068 ಚದರಡಿ, ಅಂದರೆ ಹನ್ನೆರಡು ಗುಂಟೆ, ಮೂವತ್ತು-ನಲವತ್ತರ ಸೈಟುಗಳಲ್ಲಿ ಎಣಿಸಿದರೆ ಹತ್ತಕ್ಕಿಂತ ಹೆಚ್ಚು.

ಕೂಡುವಾಗ ಇನ್ನೂ ಮಜ. 1.25ಕ್ಕೆ 0.20 ಸೇರಿಸಿದರೆ ಎಕ್ಸೆಲ್ 1.45 ಎನ್ನುತ್ತದೆ. ಆನೇಕಲ್ಲಿನ ರೈತ ಬೆರಳು ಮಡಿಸದೆ ಎರಡು ಎಕರೆ ಐದು ಗುಂಟೆ ಎನ್ನುತ್ತಾನೆ, ಅವನದೇ ಸರಿ. ಮೇಲಾಗಿ 1.20 ಎಂದು ಟೈಪ್ ಮಾಡಿದರೆ ಎಕ್ಸೆಲ್ ಕೊನೆಯ ಸೊನ್ನೆ ವ್ಯರ್ಥವೆಂದು ತಾನೇ ಕಿತ್ತು 1.2 ಮಾಡಿಬಿಡುತ್ತದೆ. ಅದನ್ನು ಮತ್ತೆ ಪಹಣಿಯ ಕಣ್ಣಿನಿಂದ ಓದಿದರೆ ಎರಡು ಗುಂಟೆಯೋ ಇಪ್ಪತ್ತು ಗುಂಟೆಯೋ ಗೊತ್ತಾಗುವುದಿಲ್ಲ. ಹದಿನೆಂಟು ಗುಂಟೆ ಕಣ್ಮರೆಯಾಗಲು ಯಾರೂ ಬೇಲಿ ಸರಿಸಬೇಕಾಗಿಲ್ಲ. ಈ ತಂಟೆಯೇ ಬೇಡವೆಂದರೆ ಹಾಳೆಯಲ್ಲಿ ಎಕರೆಗೊಂದು, ಗುಂಟೆಗೊಂದು, ಆಣೆಗೊಂದು ಬೇರೆ ಬೇರೆ ಕಾಲಂ ಎಳೆದು, ಗುಂಟೆ ನಲವತ್ತು ಮುಟ್ಟಿದಾಗ ಎಕರೆಯ ಕಾಲಮ್ಮಿಗೆ ಒಂದನ್ನು ದಾಟಿಸುವಂತೆ ಸೂತ್ರ ಬರೆಯಬೇಕು.